ನಿಬುತಾನಿಗೆ ಹೋಗುವ ಮುಂಚೆ: ಐನು ಫೀಲ್ಡ್‌ವರ್ಕ್ ಟಿಪ್ಪಣಿ

ಜಪಾನಿನಲ್ಲಿ ಇರೋದು ಒಂದೇ ಜನ, ಒಂದೇ ಭಾಷೆ ಅಂತ ಅಂದುಕೊಂಡಿದ್ದರೆ ಮೊದಲು ಉತ್ತರದ ದ್ವೀಪ ಹೊಕ್ಕೈಡೋದ ಮ್ಯಾಪ್ ನೋಡಿ. ನೊಬೊರಿಬೆತ್ಸು, ವಕ್ಕನಾಯ್. ಈ ಊರ ಹೆಸರುಗಳು ಹುಟ್ಟಿದ್ದು ಅಲ್ಲಿನ ಮೂಲನಿವಾಸಿಗಳಾದ ಐನು ಜನರ ಭಾಷೆಯಲ್ಲಿ. ಪೆಟ್, ನಾಯ್ ಎರಡೂ ಹೊಳೆ-ಹಳ್ಳಕ್ಕೆ ಇರುವ ಪದಗಳು. ಜಪಾನಿ ಬಾಯಲ್ಲಿ 'ಪೆಟ್' ಹೋಗಿ 'ಬೆತ್ಸು' ಆಯಿತು. ಐನು ಪದಗಳ ಕೊನೆಯ ವ್ಯಂಜನ ಬರೆಯಲು ಅಲ್ಲಿ ಜಪಾನಿ ಲಿಪಿಯಾದ ಕತಕಾನದ ಪುಟ್ಟ ಅಕ್ಷರಗಳನ್ನು ಬಳಸುತ್ತಾರೆ. ನಮಗೆ ಕನ್ನಡದಲ್ಲಿ 'ಪೆಟ್' ಅಂತ ನೇರವಾಗಿ ಬರೆದುಕೊಳ್ಳಬಹುದು. ಕೇಳಿದ ಪದವನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸಿ.

ಕಾನೂನಿನ ಕಥೆ ಚಿಕ್ಕದು. 1899ರ ಕಾಯ್ದೆ ಐನು ಜನರನ್ನು ಜಪಾನೀಯರನ್ನಾಗಿ ಮಾಡಲು ಹೊರಟಿತ್ತು. ಅದು ರದ್ದಾಗಿದ್ದು 1997ರಲ್ಲಿ. ಅವರು ಮೂಲನಿವಾಸಿಗಳು ಅಂತ ಕಾನೂನಿನಲ್ಲೇ ಬರೆದದ್ದು 2019ರಲ್ಲಿ.

ನಾವು ಹೊರಟಿರುವ ನಿಬುತಾನಿ ಇರೋದು ಹೊಕ್ಕೈಡೋದ ಸರು ನದಿ ದಡದಲ್ಲಿ. ಅಲ್ಲಿ ಅಣೆಕಟ್ಟಿಗಾಗಿ ಐನು ಜಮೀನನ್ನು ಸರ್ಕಾರ ವಶ ಮಾಡಿಕೊಂಡಿತು. ಜಮೀನು ಕಳೆದುಕೊಂಡ ಐನುಗಳಾದ ಕಯಾನೊ ಶಿಗೆರು ಮತ್ತು ಕೈಜಾವಾ ಮನೆಯವರು ಕೋರ್ಟಿಗೆ ಹೋದರು. 1997ರ ಮಾರ್ಚಿನಲ್ಲಿ ಸಪ್ಪೊರೊ ಜಿಲ್ಲಾ ಕೋರ್ಟ್ ಹೇಳಿತು: ವಶ ಮಾಡಿಕೊಂಡದ್ದು ಕಾನೂನುಬಾಹಿರ. ಯಾಕೆ ಗೊತ್ತಾ? ಐನು ಸಂಸ್ಕೃತಿಗೆ ಏನು ಪೆಟ್ಟು ಬೀಳುತ್ತದೆ ಅಂತ ಸರ್ಕಾರ ಸರಿಯಾಗಿ ವಿಚಾರಿಸಿಯೇ ಇರಲಿಲ್ಲ. ಅಷ್ಟರಲ್ಲಿ ಕಟ್ಟೆ ಎದ್ದಾಗಿತ್ತು. ಹಾಗೇ ಉಳಿಯಿತು.

ವಿಚಾರಿಸದೆ ಆದ ಅನ್ಯಾಯ ಅದು. ಸಂಶೋಧನೆಯ ಹೆಸರಿನಲ್ಲಿ ಆದದ್ದು ಇನ್ನೊಂದಿದೆ. ನನಗೆ ಜಾಸ್ತಿ ನೋವು ಕೊಟ್ಟದ್ದು ಇದೇ. ಸಂಶೋಧಕರು ಐನು ಸಮಾಧಿಗಳನ್ನು ಅಗೆದು ಮೂಳೆಗಳನ್ನು ವಿಶ್ವವಿದ್ಯಾಲಯಗಳಿಗೆ ಹೊತ್ತೊಯ್ದರು. ಹೊಕ್ಕೈಡೋ ವಿಶ್ವವಿದ್ಯಾಲಯ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಜನರ ಅವಶೇಷಗಳಿದ್ದವು. ಐನು ಜನರು ಹೂಡಿದ ದಾವೆ ಕೋರ್ಟಿನಲ್ಲಿ ರಾಜಿಯಾದ ಮೇಲೆ, 2016ರಲ್ಲಿ, ಕೆಲವು ಅವಶೇಷಗಳು ಹೊಕ್ಕೈಡೋದ ಉರಕಾವಾ ಊರಿಗೆ ಮರಳಿ ಮಣ್ಣು ಸೇರಿದವು. ನಾವು ನೋಟ್‌ಬುಕ್ ಹಿಡಿದು ಹೋಗುವಾಗ ನಿಬುತಾನಿಯವರು ಸ್ವಲ್ಪ ಹಿಂಜರಿದರೆ ಅದಕ್ಕೆ ಕಾರಣ ಇದೆ, ಅಲ್ವಾ?

ಹಾಗಾಗಿ ಪ್ರಶ್ನೆಗಳ ಪಟ್ಟಿ ಪಕ್ಕಕ್ಕಿಡಿ, ಕೆಲಸ ನೋಡುತ್ತಾ ಕೂತುಕೊಳ್ಳಿ. ನಿಬುತಾನಿಯ ಅತ್ತುಶ್ ಬಟ್ಟೆಯನ್ನೇ ತಗೊಳ್ಳಿ. ಓಹ್ಯೋ ಅನ್ನುವ ಎಲ್ಮ್ ಜಾತಿಯ ಮರದ ಒಳತೊಗಟೆಯನ್ನು ನೆನೆಸಿ ಮೆತ್ತಗೆ ಮಾಡುತ್ತಾರೆ. ಪದರ ಪದರವಾಗಿ ಬಿಡಿಸಿ, ಎಳೆ ಸೀಳಿ, ಕೈಯಲ್ಲೇ ಹೊಸೆದು ನೂಲು ಮಾಡುತ್ತಾರೆ. ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ನೇಯುವವರ ಸೊಂಟಕ್ಕೆ. ಅವರು ಹಿಂದಕ್ಕೆ ವಾಲಿದರೆ ಎಳೆ ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲ. ಆ ಹೊತ್ತಿನಲ್ಲಿ ಸುಮ್ನೆ ಇರಿ. ಮಾತು ಅವರಾಗಿಯೇ ಶುರು ಮಾಡಲಿ.

ಫೋಟೊ, ರೆಕಾರ್ಡಿಂಗ್ ಎರಡಕ್ಕೂ ಬೇರೆಬೇರೆಯಾಗಿ ಒಪ್ಪಿಗೆ ಕೇಳಿ. ವರದಿ ಕೊಡುವ ಮುಂಚೆ ಅವರ ಬಗ್ಗೆ ಬರೆದದ್ದನ್ನು ಅವರಿಗೇ ಓದಿ ಹೇಳಿ. ಬೇಡ ಅಂದ ಸಾಲನ್ನು ತೆಗೆದುಬಿಡಿ.