ಎರೆಹುಳಕ್ಕೆ ಕಣ್ಣು ಬರೆಯಬೇಕಾ?

ಚಿತ್ರ ಬರೆಯುವ ಗೆಳತಿ ಹೊಸ ಪುಸ್ತಕದ ಮೊದಲ ಹಾಳೆ ತಂದು ಮೇಜಿನ ಮೇಲೆ ಹರಡಿದರು. ಒದ್ದೆ ಮಣ್ಣಿನ ಬಣ್ಣ ಸೊಗಸಾಗಿ ಬಂದಿತ್ತು. ಎರೆಹುಳದ ಮೈಯ ಉಂಗುರಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಆದರೆ ತಲೆಯ ಕಡೆ ಎರಡು ದುಂಡು ಕಣ್ಣು, ಕೆಳಗೊಂದು ನಗು.

"ಎರೆಹುಳಕ್ಕೆ ಕಣ್ಣಿಲ್ಲ ಅಲ್ವಾ?" ಅಂದೆ.

"ಗೊತ್ತು. ಆದ್ರೆ ಮುಖವೇ ಇಲ್ಲದ ಹುಳವನ್ನ ಮಗು ಹೇಗೆ ಹಚ್ಚಿಕೊಳ್ಳುತ್ತೆ?"

ಚಿತ್ರಪುಸ್ತಕಗಳನ್ನು ತಿದ್ದುವ ನನ್ನ ಕೆಲಸದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ನಿಸರ್ಗದ ಕತೆಯಲ್ಲಿ ಕಲ್ಪನೆಯೇ ಬೇಡ ಅನ್ನುವವಳಲ್ಲ ನಾನು. ನನ್ನ ಭಯ ಕಲ್ಪನೆಯ ಮರೆಯಲ್ಲಿ ನುಸುಳುವ ತಪ್ಪುಗಳದ್ದು. ಬೆಕ್ಕು ಕೊಡೆ ಹಿಡಿದು ನಡೆದರೆ ಮಗು ನಗುತ್ತದೆ. ಬೆಕ್ಕನ್ನು ಅದು ನೋಡಿದೆ, ಆಟ ಅಂತ ತಿಳಿಯುತ್ತದೆ. ಆದರೆ ಜೇಡಕ್ಕೆ ಆರೇ ಕಾಲು ಬರೆದರೆ? ಹಿಮಕರಡಿ ಪೆಂಗ್ವಿನ್ ಜೊತೆ ಮಂಜಿನಲ್ಲಿ ಜಾರಿ ಆಡಿದರೆ? ಹಿಮಕರಡಿ ಇರುವುದು ಉತ್ತರ ಧ್ರುವದ ಸುತ್ತ. ಅಲ್ಲಿ ಪೆಂಗ್ವಿನ್ ಇಲ್ಲವೇ ಇಲ್ಲ. ಇದನ್ನು ಹಿಡಿಯಲು ಮಗುವಿಗೆ ದಾರಿಯೇ ಇಲ್ಲ. ಹಾಗೇ ನಂಬಿಕೊಳ್ಳುತ್ತದೆ.

ಟೊರೊಂಟೊ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಗನಿಯಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದರ ಸುತ್ತಲೇ ಇದೆ. ಮಕ್ಕಳಿಗೆ ಪರಿಚಯವಿಲ್ಲದ ಪ್ರಾಣಿಗಳ ಪುಸ್ತಕಗಳನ್ನು ಅವರು ಚಿಕ್ಕ ಮಕ್ಕಳಿಗೆ ಓದಿ ಹೇಳಿದರು. ಚಿತ್ರದ ಜೊತೆ ಮಾತೂ ಮನುಷ್ಯರ ಧಾಟಿಯಲ್ಲಿದ್ದಾಗ, ನಿಜವಾದ ಪ್ರಾಣಿಗಳೂ ಮನುಷ್ಯರ ಹಾಗೇ ಅಂದುಕೊಂಡ ಮಕ್ಕಳು ಜಾಸ್ತಿ.

ಹಾಗಂತ ಮೊಲಕ್ಕೆ ಕೋಟು ತೊಡಿಸಲೇಬಾರದಾ? ತೊಡಿಸಬಹುದು. ಮಕ್ಕಳ ಚಿತ್ರಪುಸ್ತಕಗಳನ್ನು ಬರೆದ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ತೊಡಿಸಿದರು. ಅಣಬೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದವರು, 1897ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿ ಅನ್ನುವ ಜೀವವಿಜ್ಞಾನಿಗಳ ಸಂಘಕ್ಕೆ ಅಣಬೆಯ ಬೀಜಕಣಗಳ ಬಗ್ಗೆ ಪ್ರಬಂಧ ಕೊಟ್ಟವರು ಅವರು. 1902ರ ಅವರ ಮೊಲದ ಪುಸ್ತಕದಲ್ಲಿ ಒಂದು ಜಾಗ ನನಗೆ ತುಂಬ ಇಷ್ಟ. ಓಡುವಾಗ ಮೊಲದ ಎರಡು ಬೂಟೂ ಕಳಚಿಹೋಗುತ್ತವೆ. ಆಮೇಲೆ ಅದು ನಾಲ್ಕು ಕಾಲಲ್ಲಿ, ಇನ್ನೂ ಜೋರಾಗಿ ಓಡುತ್ತದೆ. ಬೂಟು ಕತೆಯದ್ದು, ಕಾಲು ಮೊಲದ್ದು. ಎರಡೂ ಎಲ್ಲಿ ಸೇರುತ್ತವೆ ಅನ್ನುವ ಹೊಲಿಗೆ ಮಗುವಿನ ಕಣ್ಣಿಗೇ ಕಾಣುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ನಮ್ಮ ಮಾತಿನಲ್ಲಿ ಹುಳಹುಪ್ಪಟೆ, ಹಕ್ಕಿ, ಪ್ರಾಣಿ ಎಲ್ಲ 'ಅದು'. ಅದನ್ನು ಪಾತ್ರ ಮಾಡಿದ ಕೂಡಲೇ ಅಣ್ಣನೋ ಅಕ್ಕನೋ ಆಗಬೇಕು. ಅಲ್ಲೇ ಎಡವುತ್ತೇವೆ. ಕಾಳು ಹೊತ್ತು ಸಾಗುವ 'ಇರುವೆಯಣ್ಣ' ನನ್ನ ಮೇಜಿಗೆ ಎಷ್ಟು ಸಲ ಬಂದಿದ್ದಾನೋ! ದುಡಿಯುವ ಇರುವೆಗಳೆಲ್ಲ ಹೆಣ್ಣೇ. ರಕ್ತ ಹೀರುವ ಸೊಳ್ಳೆಯೂ ಹೆಣ್ಣೇ. ಜೇನುಹುಳಗಳಲ್ಲಿ ಚುಚ್ಚುವ ಮುಳ್ಳು ಇರುವುದು ಹೆಣ್ಣಿಗೆ ಮಾತ್ರ. ಕಡಲುಕುದುರೆಯಲ್ಲಾದರೆ ಹೊಟ್ಟೆಯ ಚೀಲದಲ್ಲಿ ಮರಿ ಹೊರುವವನು ಅಪ್ಪ. ನಿಜವೇ ಇಷ್ಟು ಚೆನ್ನಾಗಿರುವಾಗ ಅದನ್ನು ತಿರುಗಿಸಿ ಬರೆಯುವುದು ನನಗೆ ಸಂಕಟವಾಗುತ್ತದೆ.

ನಮ್ಮ ಎರೆಹುಳದ್ದು ಇನ್ನೂ ಕಷ್ಟ. ಒಂದೇ ಹುಳ ಗಂಡೂ ಹೌದು, ಹೆಣ್ಣೂ ಹೌದು. ಅಣ್ಣ ಅನ್ನುವ ಹಾಗಿಲ್ಲ, ಅಕ್ಕ ಅನ್ನುವ ಹಾಗೂ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಉತ್ತರ ನಮ್ಮ ಭಾಷೆಯಲ್ಲೇ ಸಿಕ್ಕಿತು. ಕತೆಯನ್ನು ಹುಳವೇ ಹೇಳಲಿ! 'ನಾನು ಬಂದೆ, ನಾನು ತಿಂದೆ' ಅನ್ನುವಾಗ ಕನ್ನಡದಲ್ಲಿ ಗಂಡು ಹೆಣ್ಣಿನ ಗುರುತೇ ಇಲ್ಲ. ದನಿ ಪೂರ್ತಿ ಕಲ್ಪನೆಯದ್ದು, ಮೈ ಪೂರ್ತಿ ನಿಜದ್ದು.

ಆಮೇಲೆ ಒಂದೊಂದೇ ಕ್ರಿಯಾಪದ ಹಿಡಿದು ಕೂತೆವು. 'ನೋಡಿದೆ' ಇದ್ದಲ್ಲೆಲ್ಲ ಗೀಟು ಹೊಡೆದೆವು. 'ಕೇಳಿಸಿತು' ಕೂಡ ಹೋಯಿತು, ಅದಕ್ಕೆ ಕಿವಿಯೂ ಇಲ್ಲ. 'ಹಕ್ಕಿ ಬರುವುದನ್ನು ನೋಡಿದೆ' ಅಂತ ಇದ್ದದ್ದು 'ಮಣ್ಣು ನಡುಗಿತು' ಅಂತಾಯಿತು. ಎರೆಹುಳಕ್ಕೆ ಬೆಳಕು ತಿಳಿಯುವುದು ಚರ್ಮದಿಂದ. ಹಾಗಾಗಿ 'ಬೆಳಕು ಕಂಡೆ' ತೆಗೆದು 'ಬೆಳಕು ತಾಗಿತು, ಒಳಗೆ ಜಾರಿದೆ' ಅಂತ ಬರೆದೆವು. ಬರಹ ಮೊದಲಿಗಿಂತ ಚೆನ್ನಾಯಿತು. ನಿಜವನ್ನು ಬಿಗಿಯಾಗಿ ಹಿಡಿದಾಗ ಕಲ್ಪನೆ ಸೊರಗುತ್ತದೆ ಅನ್ನುವವರಿಗೆ ನಾನು ಈ ಸಾಲುಗಳನ್ನೇ ತೋರಿಸುತ್ತೇನೆ.

ಗೆಳತಿ ಕಣ್ಣು ಅಳಿಸಿದರು. ನಗುವೂ ಹೋಯಿತು. ಮೈಮೇಲಿನ ದಪ್ಪ ಪಟ್ಟಿಯನ್ನು ನಡುವಿನಿಂದ ತಲೆಯ ಹತ್ತಿರಕ್ಕೆ ತಂದರು, ಅದು ನಿಜಕ್ಕೂ ಇರುವುದು ಅಲ್ಲೇ. ಹೆದರಿಕೆಯನ್ನು ಮೈ ಮುದುರುವುದರಲ್ಲಿ, ಖುಷಿಯನ್ನು ಉದ್ದಕ್ಕೆ ಚಾಚುವುದರಲ್ಲಿ ತೋರಿಸಿದರು.

ಕೊನೆಯ ಪುಟದ 'ನಿಜ ಸಂಗತಿ'ಗಳ ಬಗ್ಗೆ ಒಂದು ಮಾತು. ಅವು ಇರಲಿ. ಆದರೆ ಕತೆಯೊಳಗಿನ ತಪ್ಪನ್ನು ತಿದ್ದುವ ಜಾಗ ಅದಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಮಗುವಿಗೆ ನಿದ್ದೆ ಬಂದಿರುತ್ತದೆ. ಆ ಪುಟಕ್ಕೆ ಏನು ಬೇಕು ಅಂತ ನಮಗೆ ಹೇಳಿಕೊಟ್ಟಿದ್ದು ಕರಡು ಪ್ರತಿ ಕೇಳಿಸಿಕೊಂಡ ಐದು ವರ್ಷದ ಹುಡುಗಿ. ಪುಸ್ತಕ ಮುಗಿದ ಮೇಲೆ ಮೊದಲ ಪುಟಕ್ಕೆ ವಾಪಸ್ ಹೋಗಿ, ಹುಳದ ಎರಡೂ ತುದಿಗಳನ್ನು ಬೆರಳಿಂದ ಸವರಿ ನೋಡಿದಳು.

"ಹುಳ ಸುಮ್ನೆ ಕತೆಗೆ ಮಾತಾಡ್ತಿದೆ, ಅದು ಗೊತ್ತು. ಆದ್ರೆ ಕಣ್ಣು? ಅದು ನಿಜವಾಗ್ಲೂ ಇಲ್ವಾ?"