ಕುಸಿಯುವ ಅಂಚಿನಲ್ಲಿ ನುಡಿಯುವ ಮರ

ಹಳೆಯ ಅಕೌಸ್ಟಿಕ್ ಗಿಟಾರೊಂದು ರಿಪೇರಿಗೆ ಬಂದಾಗ, ಬಲ್ಲ ಕುಶಲಕರ್ಮಿ ಅದರ ನಾದರಂಧ್ರದೊಳಗೆ ಪುಟ್ಟ ಕನ್ನಡಿಯನ್ನೂ ದೀಪವನ್ನೂ ಇಳಿಸಿ ಮೇಲುಹಲಗೆಯ ಒಳಮೈಯನ್ನು ನೋಡುತ್ತಾನೆ. ಅಲ್ಲಿ ಎರಡು ಮರದ ಪಟ್ಟಿಗಳು ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ಹಾದು ಹೋಗಿರುತ್ತವೆ. ಆ ಪಟ್ಟಿಗಳ ಬೆನ್ನನ್ನು ಉಳಿಯಿಂದ ಕೆತ್ತಿ ತಗ್ಗಿಸಿದ್ದಾರೆಯೇ, ನೇರವಾಗಿಯೇ ಬಿಟ್ಟಿದ್ದಾರೆಯೇ? ಅವು ಸಂಧಿಸುವ ಜಾಗ ನಾದರಂಧ್ರಕ್ಕೆ ಎಷ್ಟು ಹತ್ತಿರವಿದೆ? ಇಷ್ಟು ತಿಳಿದರೆ ವಾದ್ಯ ಯಾವ ಕಾಲದ್ದೆಂದು ಅಂದಾಜು ಸಿಗುತ್ತದೆ. ಅದರ ದನಿ ಹೇಗಿರಬಹುದು ಎಂಬ ಅಂದಾಜೂ ಸಿಗುತ್ತದೆ.

ಹಳೆಯ ಗಿಟಾರು ಕೊಳ್ಳಬೇಕೋ, ಅದೇ ಮಾದರಿಯನ್ನು ಈಗ ಹೊಸದಾಗಿ ಕಟ್ಟಿದ ‘ರೀಇಶ್ಯೂ’, ಅಂದರೆ ಮರುತಯಾರಿ, ಕೊಳ್ಳಬೇಕೋ ಎಂಬುದು ಗಿಟಾರುಪ್ರಿಯರಲ್ಲಿ ಎಂದೂ ಮುಗಿಯದ ಚರ್ಚೆ. ಅದು ಹೆಚ್ಚಾಗಿ ವಯಸ್ಸಿನ ಸುತ್ತಲೇ ನಡೆಯುತ್ತದೆ: ಮರ ಹಳತಾದಷ್ಟೂ ನಾದ ಮಾಗುತ್ತದೆ ಎಂಬ ನಂಬಿಕೆಯ ಸುತ್ತ. ಆ ನಂಬಿಕೆಯಲ್ಲಿ ಸತ್ಯಾಂಶವಿದೆ. ಆದರೆ ಕನ್ನಡಿಯಲ್ಲಿ ಕಾಣುವ ಆ ಪಟ್ಟಿಗಳು ಹೇಳುವ ಸತ್ಯ ಅದಕ್ಕಿಂತ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಉದಾಹರಣೆಗೆ ಮಾರ್ಟಿನ್ ಕಂಪನಿಯ ಡಿ-28 ಮಾದರಿಯನ್ನೇ ನೋಡೋಣ. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಿಂದ ಬಂದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1833ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ಅಂಗಡಿ ಮುಂದೆ ಪೆನ್ಸಿಲ್ವೇನಿಯಾದ ನಜರೆತ್ ಊರಿಗೆ ಹೋಗಿ ನೆಲೆಸಿತು. ಅಲ್ಲಿ ತಯಾರಾದ ಅಗಲ ಮೈಯ, ಗಟ್ಟಿ ದನಿಯ ಗಿಟಾರಿಗೆ ಬ್ರಿಟಿಷರ ಯುದ್ಧನೌಕೆಯ ಹೆಸರಾದ ‘ಡ್ರೆಡ್‌ನಾಟ್’ ಅಂಟಿಕೊಂಡಿತು. ಬಾಸ್ಟನ್ನಿನ ಡಿಟ್ಸನ್ ಎಂಬ ವ್ಯಾಪಾರಿ ಸಂಸ್ಥೆಗಾಗಿ 1916ರಲ್ಲಿ ಹುಟ್ಟಿದ ಈ ಆಕಾರವನ್ನು ಮಾರ್ಟಿನ್ 1931ರಲ್ಲಿ ತನ್ನದೇ ಹೆಸರಿನಲ್ಲಿ ಹೊರತಂದಿತು. ಮೈಯಿಂದ ಹೊರಗೆ, ಕೊರಳಿನ ಮೇಲೆ, 14 ಮೆಟ್ಟಿಲುಗಳಿರುವ (ಬೆರಳೊತ್ತಿ ಸ್ವರ ಹಿಡಿಯುವ ಲೋಹದ ಅಡ್ಡಗೆರೆಗಳು), ಇಂದು ಎಲ್ಲೆಡೆ ಕಾಣುವ ರೂಪ ಅದಕ್ಕೆ 1934ರಲ್ಲಿ ಬಂತು. ಅಲ್ಲಿಂದ 1944ರವರೆಗಿನ ಹತ್ತು ವರ್ಷಗಳ ಡಿ-28 ಗಿಟಾರುಗಳಿಗಾಗಿಯೇ ಜನ ಇಂದಿಗೂ ಹಂಬಲಿಸುವುದು.

ಹಂಬಲಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ. ಶ್ರುತಿ ಮಾಡಿದ ಆರು ಉಕ್ಕಿನ ತಂತಿಗಳು ಸೇರಿ ಗಿಟಾರನ್ನು 70ರಿಂದ 85 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತಿರುತ್ತವೆ. ಗೋಡೆಗೆ ತೂಗುಹಾಕಿದ ವಾದ್ಯ ಸುಮ್ಮನೆ ಇರುವಂತೆ ಕಂಡರೂ ಒಬ್ಬ ಆಳಿನ ಭಾರವನ್ನು ಹಗಲೂ ರಾತ್ರಿ ಹೊತ್ತಿರುತ್ತದೆ. ಹೊರುವುದು ಮೂರು ಮಿಲಿಮೀಟರೂ ದಪ್ಪವಿಲ್ಲದ ಸ್ಪ್ರೂಸ್ ಮರದ ಹಲಗೆ. ತಂತಿಯ ಅಲುಗಾಟವನ್ನು ಗಾಳಿಗೆ ದಾಟಿಸಬೇಕಾದದ್ದೂ ಅದೇ ಹಲಗೆ. ಭಾರ ಹೊರಲು ಅದು ದಪ್ಪಗಿರಬೇಕು. ದನಿ ಕೊಡಲು ತೆಳ್ಳಗಿರಬೇಕು. ಈ ಜಗಳವನ್ನು ಬಗೆಹರಿಸಲೆಂದೇ ಒಳಗಿನ ಪಟ್ಟಿಗಳಿವೆ.

ಹಳೆಯ ಮನೆಗಳ ಅಟ್ಟಕ್ಕೆ ತೊಲೆ ಹಾಕುವಾಗ ಅದನ್ನು ಚಪ್ಪಟೆಯಾಗಿ ಮಲಗಿಸದೆ ಎತ್ತರದ ಬದಿ ನಿಲ್ಲುವಂತೆ ಇಡುತ್ತಿದ್ದರು. ಪಟ್ಟಿಯ ಬಾಗದ ಗುಣ ಅದರ ಎತ್ತರದ ಘನಕ್ಕೆ ಅನುಪಾತದಲ್ಲಿರುತ್ತದೆ. ಎತ್ತರ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಇದನ್ನೇ ತಿರುಗಿಸಿ ನೋಡಿದರೆ, ಪಟ್ಟಿಯ ಎತ್ತರವನ್ನು ನೂರಕ್ಕೆ ಹತ್ತರಷ್ಟು ಕೆತ್ತಿದರೆ ತೂಕ ಹತ್ತರಷ್ಟೇ ಇಳಿಯುತ್ತದೆ, ಬಿಗಿ ಮಾತ್ರ ನೂರಕ್ಕೆ 27ರಷ್ಟು ಇಳಿಯುತ್ತದೆ. ಉಳಿಯ ಒಂದೆರಡು ಎಳೆತ ಹೆಚ್ಚಾದರೆ ಹಲಗೆಗೆ ಬೇರೆಯೇ ಸ್ವಭಾವ ಬರುತ್ತದೆ. 1930ರ ದಶಕದ ಮಾರ್ಟಿನ್ ಗಿಟಾರುಗಳಲ್ಲಿ ಪಟ್ಟಿಗಳ ನಡುಭಾಗವನ್ನು ಕೆತ್ತಿ ತಗ್ಗಿಸುತ್ತಿದ್ದರು. ಅವು ಸಂಧಿಸುವ ಜಾಗವನ್ನೂ ನಾದರಂಧ್ರದಿಂದ ಸುಮಾರು ಒಂದು ಇಂಚಿನಷ್ಟು ಹತ್ತಿರ ಇಟ್ಟಿದ್ದರು. ವೀಣೆಯಲ್ಲಿ ನಾವು ಕುದುರೆ ಎನ್ನುವ ಭಾಗ ಗಿಟಾರಿನಲ್ಲಿ ಕೂರುವ ಸುತ್ತಲ ಜಾಗ ಇದರಿಂದ ಸಡಿಲವಾಯಿತು. ಮಂದ್ರದ ಸ್ವರಗಳಿಗೆ ಆಳ ಬಂತು, ಮೀಟಿದ ತಕ್ಷಣ ವಾದ್ಯ ಉತ್ತರಿಸಿತು.

ಆದರೆ ಈ ಸಡಿಲಕ್ಕೆ ಬೆಲೆಯೂ ಇತ್ತು. ವಾದಕರು ಇನ್ನಷ್ಟು ಜೋರು ಬೇಕೆಂದು ದಪ್ಪ ತಂತಿಗಳನ್ನು ಹಾಕಿದರು. ಕುದುರೆಯ ಹಿಂದೆ ಹಲಗೆ ಹೊಟ್ಟೆಯಂತೆ ಉಬ್ಬತೊಡಗಿತು. ಕಂಪನಿ 1938-39ರ ಸುಮಾರಿಗೆ ಪಟ್ಟಿಗಳ ಸಂಧಿಯನ್ನು ಹಿಂದಕ್ಕೆ ಸರಿಸಿತು, 1944ರ ಕೊನೆಯಲ್ಲಿ ಕೆತ್ತುವುದನ್ನೇ ನಿಲ್ಲಿಸಿತು. ವಾದ್ಯ ಗಟ್ಟಿಯಾಯಿತು, ದನಿ ಬಿಗಿಯಾಯಿತು. ಚೆನ್ನಾಗಿ ನುಡಿಯುವ ಗಿಟಾರು ಕುಸಿಯುವ ಅಂಚಿನಲ್ಲೇ ಬದುಕಿರುತ್ತದೆ. ಆ ಅಂಚಿನಿಂದ ಅದನ್ನು ದೂರ ಎಳೆದಷ್ಟೂ ಅದು ಭದ್ರ, ಅಷ್ಟೇ ಮೂಕ. ಹಳೆಯ ಡಿ-28ಗಳಂಥ ದನಿಯೇ ಬೇಕೆಂಬ ಬೇಡಿಕೆಗೆ ಓಗೊಟ್ಟು ಕಂಪನಿ 1976ರಲ್ಲಿ ಎಚ್‌ಡಿ-28 ಎಂಬ ಹೆಸರಿನಲ್ಲಿ ಕೆತ್ತಿದ ಪಟ್ಟಿಗಳನ್ನು ಮರಳಿ ತಂದಿತು. ಮಾರ್ಟಿನ್‌ನಲ್ಲಿ ಮರುತಯಾರಿಯ ಯುಗ ನಿಜವಾಗಿ ಆರಂಭವಾದದ್ದು ಅಲ್ಲಿಂದ.

1972ರ ಡಿ-28ಕ್ಕೆ ಈಗ 50 ವರ್ಷ ಮೀರಿದೆ. ಅಂಗಡಿಯಲ್ಲಿ ಅದಕ್ಕೂ ವಿಂಟೇಜ್ ಎಂಬ ಚೀಟಿ ಇರುತ್ತದೆ. ಆದರೆ ಒಳಗೆ ಇರುವುದು ನೇರ ಪಟ್ಟಿಗಳು, ಕುದುರೆಯ ಅಡಿಗೆ ಬೀಟೆಯ ದೊಡ್ಡ ಭಾರದ ಹಲಗೆ. ಆ ಕಾಲದ ಕೆಲವು ಗಿಟಾರುಗಳಲ್ಲಿ ಕುದುರೆಯೇ ಸರಿಯಾದ ಜಾಗದಿಂದ ಕೊಂಚ ಸರಿದಿದ್ದು, ಮೇಲಿನ ಮೆಟ್ಟಿಲುಗಳಲ್ಲಿ ಶ್ರುತಿ ಕೂಡುವುದಿಲ್ಲ. 1937ರ ಮಾದರಿಯನ್ನು ಅನುಸರಿಸಿ ಈಚೆಗೆ ಕಟ್ಟಿದ ಗಿಟಾರು, ವಯಸ್ಸಿನಲ್ಲಿ ಕೂಸಾದರೂ, ಎಲುಬುಗೂಡಿನಲ್ಲಿ 1937ಕ್ಕೆ ಹೆಚ್ಚು ಹತ್ತಿರ. ವಯಸ್ಸನ್ನು ಮಾತ್ರ ನೋಡಿ ಕೊಳ್ಳುವವರು ಎಡವುವುದು ಇಲ್ಲಿಯೇ.

ಹಾಗಾದರೆ ಕಾಲ ಏನೂ ಮಾಡುವುದಿಲ್ಲವೇ? ಮಾಡುತ್ತದೆ. ಮರದಲ್ಲಿ ಮುಖ್ಯವಾಗಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಎಂಬ ಮೂರು ಘಟಕಗಳಿವೆ. ಇವುಗಳಲ್ಲಿ ಮೊದಲು ಸವೆಯುವುದು ಹೆಮಿಸೆಲ್ಯುಲೋಸ್. ಗಾಳಿಯ ತೇವವನ್ನು ಹೆಚ್ಚು ಹೀರಿ ಇಟ್ಟುಕೊಳ್ಳುವುದೂ ಅದೇ. ದಶಕಗಳು ಕಳೆದಂತೆ ಅದು ಕರಗುತ್ತ ಹೋದರೆ ಮರ ಕೊಂಚ ಹಗುರವಾಗುತ್ತದೆ, ನೀರು ಕಡಿಮೆ ಹೀರುತ್ತದೆ, ಕಂಪನವನ್ನು ಒಳಗೇ ನುಂಗಿಹಾಕುವ ಗುಣ ತಗ್ಗುತ್ತದೆ. ಬಿಗಿ ಮಾತ್ರ ಬಹುಪಾಲು ಹಾಗೇ ಉಳಿಯುತ್ತದೆ. ಹಗುರವೂ ಬಿಗಿಯೂ ಆದ ಹಲಗೆಯೇ ವಾದ್ಯಕ್ಕೆ ಬೇಕಾದದ್ದು. ಎಳೆಯ ಗುಂಟ ಸ್ಪ್ರೂಸ್ ಮರದಲ್ಲಿ ಶಬ್ದ ಸೆಕೆಂಡಿಗೆ 5,000 ಮೀಟರಿಗೂ ಹೆಚ್ಚು, ಹೆಚ್ಚುಕಡಿಮೆ ಉಕ್ಕಿನಲ್ಲಿ ಓಡುವ ವೇಗದಲ್ಲೇ, ಓಡುತ್ತದೆ. ಮರದ ತೂಕವೋ, ಉಕ್ಕಿನ ಇಪ್ಪತ್ತರಲ್ಲಿ ಒಂದು ಪಾಲು.

ಈ ಸವೆತವನ್ನು ಈಗ ಒಲೆಯಲ್ಲಿ ಬೇಗ ತರುತ್ತಾರೆ. ಆಮ್ಲಜನಕ ಬಹಳ ಕಡಿಮೆಯಿರುವ ಕೋಣೆಯಲ್ಲಿ ಮರವನ್ನು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿದರೆ ಅದು ಸುಡದೆ ಹದವಾಗುತ್ತದೆ. ಹೆಮಿಸೆಲ್ಯುಲೋಸ್ ಒಡೆದುಹೋಗುತ್ತದೆ, ಬಣ್ಣ ಕಂದುತ್ತದೆ. ಫಿನ್‌ಲ್ಯಾಂಡಿನಲ್ಲಿ ಮನೆ ಕಟ್ಟುವ ಮರ ಕೊಳೆಯದಿರಲೆಂದು ಬೆಳೆಸಿದ ಈ ವಿಧಾನವನ್ನು ಗಿಟಾರು ತಯಾರಕರು ಅಪ್ಪಿಕೊಂಡಿದ್ದಾರೆ. ಹೀಗೆ ಕಾಯಿಸಿದ ಮರ ಪೆಡಸಾಗುತ್ತದೆ, ಬೇಗ ಸೀಳುತ್ತದೆ ಎಂಬುದನ್ನೂ ಕೊಳ್ಳುವವರು ನೆನಪಿಡಬೇಕು. ಮರುತಯಾರಿಯ ದುಬಾರಿ ಮಾದರಿಗಳಲ್ಲಿ ಪ್ರಾಣಿಗಳ ಚರ್ಮದಿಂದ ತೆಗೆದ ಹಳೆಯ ಕಾಲದ ಅಂಟನ್ನೂ ಬಳಸುತ್ತಾರೆ. ಅದು ಗಾಜಿನಂತೆ ಗಟ್ಟಿಯಾಗಿ ಒಣಗುತ್ತದೆ, ಭಾರಕ್ಕೆ ಜಾರುವುದಿಲ್ಲ. ಬಿಸಿಯೂ ತೇವವೂ ಕೊಟ್ಟರೆ ಮುಂದಿನ ಕುಶಲಕರ್ಮಿ ಮುರಿಯದೆ ಬಿಚ್ಚಬಹುದು.

ನುಡಿಸುತ್ತ ನುಡಿಸುತ್ತ ವಾದ್ಯ ಬಿಚ್ಚಿಕೊಳ್ಳುತ್ತದೆ ಎಂಬ ಮಾತಿಗೆ ಮಾತ್ರ ಪ್ರಯೋಗಗಳ ಬೆಂಬಲ ತೆಳುವಾಗಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಜೋಡಿ ಪಿಟೀಲುಗಳನ್ನು ಪರೀಕ್ಷಿಸಿದರು. ಒಂದನ್ನು ವಾದಕ ನಿತ್ಯ ನುಡಿಸಿದ, ಇನ್ನೊಂದು ವಸ್ತುಸಂಗ್ರಹಾಲಯದಲ್ಲಿ ಮಲಗಿತ್ತು. ಮೂರು ವರ್ಷಗಳ ಬಳಿಕವೂ ಅವೆರಡರ ನಡುವೆ ಗಣನೀಯ ಅಂತರ ಕಾಣಲಿಲ್ಲ. ಇನ್ನೂ ಹೆಸರಾದದ್ದು ಫ್ರಾನ್ಸಿನ ವಿಜ್ಞಾನಿ ಕ್ಲೌಡಿಯಾ ಫ್ರಿಟ್ಸ್ ಮತ್ತು ಜೊತೆಗಾರರ ಪರೀಕ್ಷೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ 21 ಪಿಟೀಲು ವಾದಕರಿಗೆ ಕಣ್ಣು ಕಾಣದಂತೆ ಮಾಡಿ ಮೂರು ಹೊಸ, ಮೂರು ಹಳೆಯ ವಾದ್ಯಗಳನ್ನು ಕೊಟ್ಟರು. ಹಳೆಯವುಗಳಲ್ಲಿ ಎರಡು ಸ್ಟ್ರಾಡಿವರಿ, ಒಂದು ಗ್ವಾರ್ನೆರಿ; ಇಟಲಿಯ ಹೆಸರಾಂತ ಹಳೆಯ ಕುಶಲಕರ್ಮಿಗಳು ಕಟ್ಟಿದವು. ಹೆಚ್ಚು ಮೆಚ್ಚುಗೆ ಪಡೆದದ್ದು ಹೊಸದೊಂದು. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಸಿಕ್ಕಿದ್ದು ಒಂದು ಸ್ಟ್ರಾಡಿವರಿಗೆ.

ಗಿಟಾರಿನ ಮೇಲೂ ಇಂಥದೇ ಪರೀಕ್ಷೆ ನಡೆದಿದೆ, ಅದು ನಮ್ಮ ಕಾಡಿಗೆ ಸಂಬಂಧಿಸಿದ್ದು. 1960ರ ದಶಕದ ಕೊನೆಯವರೆಗೆ ಡಿ-28ರ ಬೆನ್ನು, ಪಕ್ಕಗಳು ಬ್ರೆಜಿಲಿನ ರೋಸ್‌ವುಡ್‌ನವು. ಆ ದೇಶ ದಿಮ್ಮಿಗಳ ರಫ್ತನ್ನು ತಡೆದ ಮೇಲೆ, 1969ರಲ್ಲಿ, ಮಾರ್ಟಿನ್ ಭಾರತದ ರೋಸ್‌ವುಡ್‌ಗೆ ಬದಲಾಯಿತು. ಅದೇ ನಮ್ಮ ಬೀಟೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ, ಮೈಸೂರಿನ ಕುಸುರಿ ಕೆಲಸದ ಪೀಠೋಪಕರಣಗಳಲ್ಲಿ ನಾವು ಕಾಣುವ ಕಪ್ಪು ನೇರಳೆ ಬಣ್ಣದ ಮರ. ಬ್ರೆಜಿಲಿನ ಮರಕ್ಕೆ ಹೋಲಿಸಿ ಬೀಟೆಯನ್ನು ಎರಡನೇ ದರ್ಜೆಯದೆಂದು ಮಾತನಾಡುವವರು ಐವತ್ತು ವರ್ಷಗಳಿಂದಲೂ ಇದ್ದಾರೆ. 2018ರಲ್ಲಿ ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ತಂಡ ಬೆನ್ನು ಪಕ್ಕಗಳ ಮರವೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ಆಗಿರುವಂತೆ ಆರು ಗಿಟಾರುಗಳನ್ನು ಕಟ್ಟಿಸಿ, 52 ವಾದಕರಿಂದ ಮರ ಕಣ್ಣಿಗೆ ಕಾಣದಂತೆ ನುಡಿಸಿತು. ದುಬಾರಿ ಬ್ರೆಜಿಲ್ ಮರಕ್ಕೂ ಅಗ್ಗದ ಮರಗಳಿಗೂ ಅವರು ಕೊಟ್ಟ ಅಂಕಗಳು ಹೆಚ್ಚುಕಡಿಮೆ ಒಂದೇ. ಬೀಟೆಯ ಮೇಲಿನ ಆ ಹಳೆಯ ತಿರಸ್ಕಾರ ಕಣ್ಣಿನದಾಗಿತ್ತು, ಕಿವಿಯದಲ್ಲ. ಇದನ್ನು ಓದಿದಾಗ ನನಗಾದ ಸಂತೋಷ ಸಣ್ಣದಲ್ಲ.

ಹಳೆಯದರ ಪರ ವಾದಿಸುವವರು ಕೊನೆಗೆ ಎತ್ತುವ ಹೆಸರು 1935ರ ಒಂದು ಡಿ-28. ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತದ ಕ್ಲಾರೆನ್ಸ್ ವೈಟ್ ನುಡಿಸುತ್ತಿದ್ದ ಅದು 1975ರಲ್ಲಿ ಗಿಟಾರು ವಾದಕ ಟೋನಿ ರೈಸ್ ಕೈಸೇರಿ, ಆ ಸಂಗೀತ ಪ್ರಕಾರದ ಅತಿ ಪ್ರಸಿದ್ಧ ಗಿಟಾರಾಯಿತು. ಆದರೆ ಅದು ಕಾರ್ಖಾನೆಯಿಂದ ಬಂದಂತೆ ಉಳಿದಿರಲಿಲ್ಲ. ಯಾವ ಕಾಲದಲ್ಲೋ ಅದರ ನಾದರಂಧ್ರವನ್ನು ಹಿಗ್ಗಿಸಲಾಗಿತ್ತು. ಸೀಸೆಯ ಬಾಯಿಗೆ ಊದಿದಾಗ ಒಂದು ನಿರ್ದಿಷ್ಟ ಸ್ವರ ಬರುತ್ತದಲ್ಲ, ಗಿಟಾರಿನ ಒಡಲಿನ ಗಾಳಿಗೂ ಅಂಥದೊಂದು ಸ್ವರವಿದೆ. ಡ್ರೆಡ್‌ನಾಟ್‌ಗಳಲ್ಲಿ ಅದು 100 ಹರ್ಟ್ಸ್ ಆಸುಪಾಸು. ಬಾಯಿ ಅಗಲವಾದರೆ ಆ ಸ್ವರ ಮೇಲೇರುತ್ತದೆ, ಮಂದ್ರದ ಗುಂಯ್‌ಗುಡುವಿಕೆ ಇಳಿದು ಒಂಟಿ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ರೈಸ್ ಅವರ ನುಡಿಸಾಣಿಕೆಗೆ ಬೇಕಾದದ್ದೇ ಅದು. ಎಂದರೆ ಎಲ್ಲರೂ ಕಾಲದ ಮಹಿಮೆ ಎಂದುಕೊಂಡದ್ದರಲ್ಲಿ ಒಂದು ಪಾಲು ಯಾರೋ ಮಾಡಿದ ತೂತಿನ ಮಹಿಮೆ. ಹೊಸ ಗಿಟಾರಿನಲ್ಲೂ ಅದನ್ನು ಮಾಡಬಹುದು, ಮಾಡಿದ್ದಾರೆ ಕೂಡ.

ಉಳಿದದ್ದು ಆರೋಗ್ಯದ ಮಾತು. ಎಂಬತ್ತು ವರ್ಷ ಭಾರ ಹೊತ್ತ ಮರ ಜಗ್ಗದೆ ಇರುವುದಿಲ್ಲ. ಕೊರಳು ನಿಧಾನವಾಗಿ ಮುಂದಕ್ಕೆ ಬಾಗಿ ತಂತಿಗಳು ಮೆಟ್ಟಿಲಿನಿಂದ ಮೇಲೇಳುತ್ತವೆ. ಉದ್ದನೆಯ ನೇರ ಪಟ್ಟಿಯೊಂದನ್ನು ಮೆಟ್ಟಿಲುಗಳ ಮೇಲಿಟ್ಟು ಕುದುರೆಯವರೆಗೆ ಚಾಚಿ ನೋಡಿ. ಅದರ ತುದಿ ಕುದುರೆಯ ನೆತ್ತಿಯನ್ನು ಸವರಬೇಕು. ಕುದುರೆಯ ಪಕ್ಕಕ್ಕೆ ಬಡಿದರೆ ಕೊರಳನ್ನು ಬಿಚ್ಚಿ ಕೋನ ಸರಿಪಡಿಸಿ ಮತ್ತೆ ಕೂರಿಸಬೇಕು; ಅದು ನುರಿತವರ ಕೆಲಸ, ಅದರ ಖರ್ಚನ್ನು ವಾದ್ಯದ ಬೆಲೆಗೆ ಸೇರಿಸಿಕೊಳ್ಳಿ. ಹಳೆಯ ಮಾರ್ಟಿನ್‌ಗಳಲ್ಲಿ, ಮೀಟುವಾಗ ಮುಖಕ್ಕೆ ಗೀರು ಬೀಳದಂತೆ ಕಾಯುವ ಪ್ಲಾಸ್ಟಿಕ್ ತಗಡನ್ನು ಬರಿ ಮರಕ್ಕೇ ಅಂಟಿಸುತ್ತಿದ್ದರು. ಅದು ವರ್ಷಗಳಲ್ಲಿ ಕುಗ್ಗಿ ಪಕ್ಕದ ಹಲಗೆಯನ್ನು ಸೀಳುತ್ತದೆ. ಅಲ್ಲಿಯೂ ಬೆರಳಾಡಿಸಿ. ತಯಾರಿಕೆ ನಡೆದದ್ದು ಸುಮಾರು ಶೇ 45ರಿಂದ 55 ತೇವದ ಕೋಣೆಯಲ್ಲಿ. ಮಂಗಳೂರಿನ ಆಷಾಢ ಅದಕ್ಕೆ ಪರದೇಶ. ಮಳೆಗಾಲದಲ್ಲಿ ಹಲಗೆ ನೀರು ಕುಡಿದು ಉಬ್ಬುತ್ತದೆ, ಹವಾನಿಯಂತ್ರಿತ ಕೋಣೆಯಲ್ಲಿ ಒಣಗಿ ಕುಗ್ಗುತ್ತದೆ. ಪೆಟ್ಟಿಗೆಯೊಳಗೆ ತೇವ ಕಾಯುವುದು ಎರಡಕ್ಕೂ ಅಗತ್ಯ, ಹಳೆಯದಕ್ಕೆ ಪ್ರಾಣಸಮಾನ.

ಹೊರದೇಶದಿಂದ ಊರಿಗೆ ಮರಳುವಾಗ ಹಳೆಯ ಗಿಟಾರು ತರುವ ಕನ್ನಡಿಗರಿಗೆ ಇನ್ನೊಂದು ವಿಷಯ. ಬ್ರೆಜಿಲಿನ ರೋಸ್‌ವುಡ್ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಕಾಗದಪತ್ರವಿಲ್ಲದೆ ಗಡಿ ದಾಟಿದರೆ ವಾದ್ಯವನ್ನೇ ಕಳೆದುಕೊಳ್ಳಬಹುದು. ಬೀಟೆಯಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2017ರಲ್ಲಿ ಬಂದ ಅಡ್ಡಿಯನ್ನು 2019ರ ಕೊನೆಯಲ್ಲಿ ತೆಗೆಯಲಾಯಿತು.

ನನ್ನನ್ನು ಕೇಳಿದರೆ, ನುಡಿಸಲು ಕೊಳ್ಳುವವರು ಕೆತ್ತಿದ ಪಟ್ಟಿಗಳ ಒಳ್ಳೆಯ ಮರುತಯಾರಿಯನ್ನೇ ಕೊಳ್ಳಲಿ, ಅದೂ ಒಂದೇ ಮಾದರಿಯ ನಾಲ್ಕಾರನ್ನು ಕಣ್ಣು ಮುಚ್ಚಿ ನುಡಿಸಿ ನೋಡಿದ ಮೇಲೆ. ಯುದ್ಧಪೂರ್ವದ ಡಿ-28 ತೀರ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿ, ಕೈಯಲ್ಲಿ ಅಷ್ಟು ಹಣವೂ ಇದ್ದವರನ್ನು ನಾನು ತಡೆಯುವುದಿಲ್ಲ; ಅಂಥ ವಾದ್ಯವನ್ನು ಕಾಪಾಡುವುದೂ ಒಂದು ಸೇವೆ. ನಡುವಿನ ದಶಕಗಳ ಗಿಟಾರನ್ನು ಮಾತ್ರ ಚೀಟಿ ನೋಡಿ ಕೊಳ್ಳಬೇಡಿ.

ಮರುತಯಾರಿಯನ್ನು ಮನೆಗೆ ತಂದವರು ಅದರ ಮುಖವನ್ನು ಬೆಳಕಿಗೆ ಹಿಡಿದು ಒಮ್ಮೆ ಗೆರೆಗಳನ್ನು ಎಣಿಸಿ ನೋಡಿ. ಮೇಲುಹಲಗೆ ಎಂದರೆ ಒಂದೇ ಹಲಗೆಯನ್ನು ಸೀಳಿ ಪುಸ್ತಕದಂತೆ ಬಿಚ್ಚಿ ಜೋಡಿಸಿದ ಎರಡು ಅರ್ಧಗಳು. ಒಂದೊಂದರ ಅಗಲ ಸುಮಾರು 20 ಸೆಂಟಿಮೀಟರ್. ಒಂದೊಂದು ಗೆರೆಯೂ ಮರ ಕಂಡ ಒಂದು ವರ್ಷ. ಗೆರೆಗಳ ನಡುವೆ ಮಿಲಿಮೀಟರಿನಷ್ಟು ಅಂತರವಿದ್ದರೆ ನಡುವಿನಿಂದ ಅಂಚಿಗೆ ಬರುವಷ್ಟರಲ್ಲಿ ಎಣಿಕೆ 200ರ ಹತ್ತಿರ ಬಂದಿರುತ್ತದೆ. ನಜರೆತ್‌ನಲ್ಲಿ ಕಳೆದ ವರ್ಷ ಕಟ್ಟಿದ ಗಿಟಾರಿನ ಮರ, ಮಾರ್ಟಿನ್ ಹಡಗು ಹತ್ತಿ ನ್ಯೂಯಾರ್ಕಿಗೆ ಹೊರಟಾಗಲೇ ಕಾಡಿನಲ್ಲಿ ಬೆಳೆಯುತ್ತಿತ್ತು.