ಕ್ಯಾನ್ಸರ್ ಅಂಟುವುದಿಲ್ಲ, ನಮ್ಮ ನೆಗಡಿ ಅಂಟುತ್ತದೆ

ಸ್ತನ ಕ್ಯಾನ್ಸರ್ ಆದವರು ಕುಡಿದ ಲೋಟ ಮುಟ್ಟಲು ಹಿಂಜರಿಯುವವರು ಈಗಲೂ ಇದ್ದಾರೆ. ಮಕ್ಕಳನ್ನು ಅವರ ಹತ್ತಿರ ಬಿಡದವರೂ ಇದ್ದಾರೆ. ಈ ಭಯಕ್ಕೆ ಬುಡವೇ ಇಲ್ಲ. ಸ್ತನ ಕ್ಯಾನ್ಸರ್ ಕೋಶ ಅವರ ದೇಹದ್ದೇ ಕೋಶ. ಅದು ಮುಟ್ಟಿದರೆ, ತಬ್ಬಿಕೊಂಡರೆ, ಒಂದೇ ತಟ್ಟೆಯಲ್ಲಿ ಉಂಡರೆ ನಮಗೆ ದಾಟಿ ಬರುವುದಿಲ್ಲ.

ಅಂಟುವ ಅಪಾಯ ಇರುವುದು ಎದುರು ದಿಕ್ಕಿನಲ್ಲಿ, ನಮ್ಮಿಂದ ಅವರಿಗೆ. ಅದೂ ಕೀಮೋಥೆರಪಿ ನಡೆಯುವಾಗ.

ಕೀಮೋ ಔಷಧಗಳ ಏಟು ಜಾಸ್ತಿ ಬೀಳುವುದು ಬೇಗ ಬೇಗ ಒಡೆದು ಎರಡಾಗುವ ಕೋಶಗಳಿಗೆ. ಕ್ಯಾನ್ಸರ್ ಕೋಶ ಅಂಥದ್ದು. ಕೂದಲಿನ ಬುಡದ ಕೋಶವೂ ಅಂಥದ್ದೇ, ರಕ್ತಕಣ ತಯಾರಾಗುವ ಮೂಳೆಮಜ್ಜೆಯದೂ ಅಂಥದ್ದೇ. ಕೂದಲು ಉದುರಿದ್ದು ಎಲ್ಲರಿಗೂ ಕಾಣುತ್ತದೆ. ಮಜ್ಜೆಯಲ್ಲಿ ನಡೆದದ್ದು ಯಾರಿಗೂ ಕಾಣುವುದಿಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಹಾಗಾಗಿ ಅದರ ಕೊರತೆ ನಿಧಾನಕ್ಕೆ ತಿಳಿಯುತ್ತದೆ. ಆದರೆ ಸೋಂಕಿನ ಜಾಗಕ್ಕೆ ಮೊದಲು ಓಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್‌ನ ಆಯುಷ್ಯ ತುಂಬಾ ಕಡಿಮೆ. ಮಜ್ಜೆ ಅದನ್ನು ದಿನಾ ತಯಾರಿಸುತ್ತಲೇ ಇರಬೇಕು. ಔಷಧ ಬಿದ್ದಾಗ ತಯಾರಿಕೆ ನಿಧಾನವಾಗುತ್ತದೆ. ಮಜ್ಜೆಯಲ್ಲಿ ಸಿದ್ಧವಾಗಿದ್ದ ದಾಸ್ತಾನು ಕೆಲವು ದಿನ ನಡೆಸುತ್ತದೆ. ಅದು ಮುಗಿದಾಗ, ಸಾಮಾನ್ಯವಾಗಿ ಔಷಧ ಕೊಟ್ಟ 7ರಿಂದ 14ನೇ ದಿನದ ನಡುವೆ, ಎಣಿಕೆ ತಳ ಮುಟ್ಟುತ್ತದೆ. ಆಮೇಲೆ ಮತ್ತೆ ಏರುತ್ತದೆ. ಎರಡು ಡೋಸ್‌ಗಳ ನಡುವೆ ಎರಡು ಮೂರು ವಾರ ಬಿಡುವುದು ಬಹುಮಟ್ಟಿಗೆ ಇದಕ್ಕೇ.

ಈ ಬಿಳಿ ಕಣಗಳ ಕುಸಿತವೇ ಕೀಮೋ ಹುಟ್ಟಿಗೆ ಸುಳಿವು ಕೊಟ್ಟದ್ದು! 1943ರ ಡಿಸೆಂಬರ್ 2ರಂದು ಇಟಲಿಯ ಬಾರಿ ಬಂದರಿನ ಮೇಲೆ ಜರ್ಮನ್ ವಿಮಾನಗಳು ಬಾಂಬ್ ಹಾಕಿದವು. ಅಲ್ಲಿದ್ದ ಜಾನ್ ಹಾರ್ವೆ ಎಂಬ ಹಡಗಿನಲ್ಲಿ ಗುಟ್ಟಾಗಿ ಮಸ್ಟರ್ಡ್ ಗ್ಯಾಸ್ ಎಂಬ ವಿಷಾನಿಲದ ಬಾಂಬ್‌ಗಳಿದ್ದವು. ಗಾಯಾಳುಗಳನ್ನು ಪರೀಕ್ಷಿಸಿದ ಅಮೆರಿಕದ ಸೇನಾ ವೈದ್ಯ ಸ್ಟೀವರ್ಟ್ ಅಲೆಕ್ಸಾಂಡರ್, ಆ ಗಾಯಾಳುಗಳ ಬಿಳಿ ಕಣಗಳು ಇಳಿದುಹೋಗಿದ್ದನ್ನು ಗಮನಿಸಿದರು. ಅದರ ಹಿಂದಿನ ವರ್ಷವೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಔಷಧ ವಿಜ್ಞಾನಿಗಳಾದ ಗುಡ್‌ಮನ್ ಮತ್ತು ಗಿಲ್ಮನ್ ಈ ಅನಿಲದ ಹತ್ತಿರದ ಸಂಬಂಧಿ ನೈಟ್ರೋಜನ್ ಮಸ್ಟರ್ಡ್ ಅನ್ನು ಲಿಂಫೋಮಾ (ಬಿಳಿ ಕಣಗಳದೇ ಒಂದು ಬಗೆಯ ಕ್ಯಾನ್ಸರ್) ರೋಗಿಗೆ ಕೊಡಿಸಿ ನೋಡಿದ್ದರು. ಸ್ತನ ಕ್ಯಾನ್ಸರ್‌ಗೆ ಈಗಲೂ ಕೊಡುವ ಸೈಕ್ಲೋಫಾಸ್ಫಮೈಡ್ ಅದೇ ವಂಶದ್ದು.

ಕಣ ಇಳಿದ ದಿನಗಳಲ್ಲಿ ಇನ್ನೊಂದು ಮೋಸ ಇದೆ. ಕೀವು ಅಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಅವೇ ಇಲ್ಲದಿದ್ದರೆ ಕೀವೂ ಸರಿಯಾಗಿ ಕಟ್ಟುವುದಿಲ್ಲ, ಊತವೂ ಅಷ್ಟಾಗಿ ಕಾಣುವುದಿಲ್ಲ. ಒಳಗೆ ಸೋಂಕು ಹರಡುತ್ತಿದ್ದರೂ ಹೊರಗೆ ಕಾಣುವುದು ಜ್ವರ ಒಂದೇ ಇರಬಹುದು. ಅದಕ್ಕೇ ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಬೆಳಗಾಗಲಿ ಅಂತ ಕಾಯಬಾರದು. ಜ್ವರದ ಮಾತ್ರೆ ನುಂಗಿ ಅದನ್ನು ಮುಚ್ಚಿಡಲೂ ಬಾರದು. ತಕ್ಷಣ ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಗೆ ಫೋನ್ ಮಾಡಬೇಕು, ಹೊರಡಬೇಕು.

ಇಲ್ಲೇ ನೆರೆಹೊರೆಯವರ ನಿಜವಾದ ಕೆಲಸ ಇರುವುದು. ಸುಮ್ನೆ ಗುಂಪಾಗಿ ಹೋಗಿ ಕೂರುವ ಬದಲು ಕ್ಯಾಲೆಂಡರ್ ನೋಡಿ ಪಾಳಿ ಹಾಕಿಕೊಳ್ಳಿ. ಕಣ ಇಳಿಯುವ ವಾರ ಅಂಗಡಿ ಕೆಲಸ, ಮಕ್ಕಳ ಶಾಲೆಯ ಕೆಲಸ ಹಂಚಿಕೊಳ್ಳಿ. ರಾತ್ರಿ ಕರೆದರೆ ವಾಹನ ತರುವವರು ಯಾರು ಅಂತ ಮೊದಲೇ ಗೊತ್ತಿರಲಿ. ಕೆಮ್ಮು ನೆಗಡಿ ಇದ್ದವರು ಫೋನಿನಲ್ಲೇ ಮಾತಾಡಿ. ಹುಷಾರಾಗಿದ್ದವರು ಕೈ ತೊಳೆದುಕೊಂಡು ಪಕ್ಕದಲ್ಲೇ ಕೂರಬಹುದು.

ಎಲ್ಲರಿಗೂ ಕೀಮೋ ಇರುವುದಿಲ್ಲ. ಟಮಾಕ್ಸಿಫೆನ್‌ನಂಥ ಹಾರ್ಮೋನ್ ಮಾತ್ರೆ ಮಾತ್ರ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಈ ಕುಸಿತದ ಚಿಂತೆ ಇಲ್ಲ. ಹಾಗಾಗಿ ಹೋಗುವ ಮೊದಲು ಅವರನ್ನೇ ಕೇಳಿಬಿಡಿ: ಯಾವ ಚಿಕಿತ್ಸೆ ನಡೀತಿದೆ, ಇವತ್ತಿಗೆ ಎಷ್ಟನೇ ದಿನ?